ದೊಡ್ಡ ಪುಲ್ಲಿ, ಸಣ್ಣ ಪುಲ್ಲಿ

ಶಿವರಾತ್ರಿಯ ಮಾರನೇ ದಿನ, ಏಳನೇ ಇಯತ್ತೆಯ ಪಾಟಿಚೀಲ ಬಿಸಾಕಿ ಮೊದಲ ಸಲ ಮನೆ ಬಿಟ್ಟೆ. ಆಮೇಲೆ ಯಾವ ಊರಲ್ಲೂ ನಿಂತವನಲ್ಲ. ಈಗ ಬೈಕು ಇನ್ನೂ ಜೋರಾಗಿ ಓಡಲೆಂದು ಎಂಜಿನ್ ಬದಿಯಲ್ಲಿ ಚೈನು ಎಳೆಯುವ ಹಲ್ಲುಚಕ್ರ, ಆ ಸಣ್ಣ ಪುಲ್ಲಿ ಬಿಚ್ಚಿ, ದೊಡ್ಡದನ್ನು ಕೂರಿಸಿದೆ.

ನೆಲದ ಮೇಲಿದ್ದ ಸಣ್ಣ ಪುಲ್ಲಿ ಕೇಳಿತು: "ದೊಡ್ಡಪ್ಪಾ, ಇಬ್ಬರನ್ನು ಹೊತ್ತು ಘಾಟಿ ಹತ್ತಬಲ್ಲೆಯಾ?"

"ಇಲ್ಲಪ್ಪ, ಅದು ನಿನ್ನ ಕೆಲಸ. ನನಗೆ ಓಡುವುದಷ್ಟೇ ಗೊತ್ತು. ಆದರೆ ಆ ಇನ್ನೊಬ್ಬರು ಎಲ್ಲಿದ್ದಾರೆ? ಸೀಟನ್ನೇ ಕೇಳು."

ಹಿಂದಿನ ಸೀಟು ಹೇಳಿತು: "ಇವನ ಗಂಟುಮೂಟೆ ಬಿಟ್ಟರೆ ನನ್ನ ಮೇಲೆ ಯಾರೂ ಕೂತಿಲ್ಲ."

"ಮುಂದೆ ಯಾರಾದರೂ ಕೂತರೆ?" ಎಂದಿತು ಸಣ್ಣದು.

ಎಲ್ಲವೂ ನನ್ನತ್ತ ತಿರುಗಿದವು. ನಾನು ಸಣ್ಣ ಪುಲ್ಲಿಯನ್ನು ಒರೆಸಿ, ಅಂಗಿಯಲ್ಲಿ ಸುತ್ತಿ ಗಂಟಿನೊಳಗಿಟ್ಟೆ. ಆ ಗಂಟನ್ನು ಹಿಂದಿನ ಸೀಟಿಗೆ ಬಿಗಿಯತೊಡಗಿದೆ.