ಇಡೀ ಪರದೆಯ ಅರಸ

ಒಂದು ಕಂಪ್ಯೂಟರಿನ ಪರದೆಯ ಮೇಲೆ, ಒಂದು ಕಿಟಕಿಯಲ್ಲಿ ಯುದ್ಧದಾಟವೂ ಇನ್ನೊಂದರಲ್ಲಿ ಅರ್ಧ ಬರೆದ ಪತ್ರವೂ ಇದ್ದವು. ಏಳು ವರ್ಷದಿಂದ ತಾನು ಮಾತು ಬಿಟ್ಟಿದ್ದ ಅಕ್ಕನಲ್ಲಿ ಕ್ಷಮೆ ಕೇಳಿ ಧರಣೇಂದ್ರ ಬರೆಯುತ್ತಿದ್ದ ಪತ್ರ ಅದು.

"ಆಚೆ ಸರಿ, ಇನ್ನು ಇಡೀ ಪರದೆ ನನ್ನದು," ಎಂದಿತು ಆಟ.

"ಒಂದಿಷ್ಟು ಅಂಚು ಬಿಡಣ್ಣ. ನಾನಿನ್ನೂ ಸೇವ್ ಆಗಿಲ್ಲ. ಕಣ್ಣಿಗೆ ಬೀಳದಿದ್ದರೆ ಅವನು ನನ್ನನ್ನು ಮರೆತೇಬಿಡುತ್ತಾನೆ," ಎಂದಿತು ಪತ್ರ.

"ಏಳು ವರ್ಷ ಮರೆತವನು ಇನ್ನೊಂದು ಗಳಿಗೆ ಮರೆತರೆ ನಿನ್ನ ಗಂಟೇನು ಹೋಗುತ್ತದೆ? ತಲೆಯ ಮೇಲಿನ ಅಂಚಿನಲ್ಲಿ ಕಿಟಕಿ ಮುಚ್ಚುವ × ಗುರುತು ಹೊತ್ತು ಯಾವ ಅರಸ ಯುದ್ಧಕ್ಕೆ ಹೋಗುತ್ತಾನೆ?"

"ಆ ಗುರುತಿದ್ದರೆ, ನೀನು ಕೆಟ್ಟು ನಿಂತಾಗ ನಿನ್ನೊಬ್ಬನನ್ನೇ ಮುಚ್ಚಬಹುದು. ಇಲ್ಲದಿದ್ದರೆ ಎಲ್ಲರೂ ಹೋಗುತ್ತೇವೆ."

"ಅಪಶಕುನ ನುಡಿಯಬೇಡ," ಎಂದು ಆಟ ಅಂಚಿನಿಂದ ಅಂಚಿಗೆ ಹರಡಿಕೊಂಡಿತು.

ಮೂರನೇ ಕಾಳಗದಲ್ಲಿ ಅರಸ ಎತ್ತಿದ ಕತ್ತಿ ಎತ್ತಿದಂತೆಯೇ ನಿಂತಿತು. ಧರಣೇಂದ್ರ ಕೀಬೋರ್ಡನ್ನೆಲ್ಲ ಕುಟ್ಟಿದ. ಮುಚ್ಚಲು ಎಲ್ಲೂ ಗುರುತು ಕಾಣದೆ, "ಹಾಳಾದ್ದು, ಹ್ಯಾಂಗ್ ಆಯ್ತು!" ಎಂದು ಪವರ್ ಬಟನ್ ಅದುಮಿ ಹಿಡಿದ. ಪರದೆ ಕಪ್ಪಾಯಿತು.

ಮತ್ತೆ ಬೆಳಕು ಬಂದಾಗ ಆಟ ಮೈ ಕೊಡವಿ ಎದ್ದಿತು; ಅದು ಡಿಸ್ಕಿನಲ್ಲಿ ಭದ್ರವಾಗಿತ್ತು. ಪತ್ರದ ಒಂದಕ್ಷರವೂ ಉಳಿದಿರಲಿಲ್ಲ.

"ನಾನು ಇಡೀ ಪರದೆ ತೆಗೆದುಕೊಂಡರೆ ಯಾರದಾದರೂ ತಕರಾರಿದೆಯೇ?" ಎಂದು ಆಟ ಈ ಸಲ ಬಲು ವಿನಯದಿಂದ ಕೇಳಿತು.

ತಕರಾರು ಬರಲಿಲ್ಲ.