ಹೆರಿಗೆ ಆಸ್ಪತ್ರೆಯ ಹೊಸ ಬೋರ್ಡು

ಹೆರಿಗೆ ಆಸ್ಪತ್ರೆಯೊಂದರ ನೆತ್ತಿಗೆ ಹೊಸ ಬೋರ್ಡು ಬಂತು. ಅದರ ದಪ್ಪ ಅಕ್ಷರಗಳಲ್ಲಿ ದುಂಡಗಿನ ಗೆರೆಯೇ ಇಲ್ಲ. ಎಲ್ಲೆಲ್ಲೂ ಚೂಪು ಮೂಲೆಗಳು. ಕೆಳಗಿಳಿಸಿ ಗೇಟಿಗೆ ಒರಗಿಸಿದ್ದ ಹಳೆಯ ತಗಡಿನ ಬೋರ್ಡನ್ನು ನೋಡಿ ಅದು, "ನಿನ್ನ ಮೈಮೇಲಿರುವುದು ಅಕ್ಷರವೋ, ಜಿಲೇಬಿಯೋ?" ಎಂದು ಹಂಗಿಸಿತು. ತಗಡಿಗೆ ತನ್ನ ದುಂಡುತನದ ಬಗ್ಗೆ ನಾಚಿಕೆಯಾಯಿತು.

ಅಷ್ಟರಲ್ಲಿ ನೋವು ತಿನ್ನುತ್ತಿದ್ದ ಬಸುರಿಯೊಬ್ಬಳನ್ನು ಕೂರಿಸಿಕೊಂಡು ಆಟೋ ಬಂತು. ಚಾಲಕ ನಬಿಸಾಬ ಕತ್ತೆತ್ತಿ ಹೊಸ ಬೋರ್ಡಿನ ಚೂಪು ಅಕ್ಷರಗಳನ್ನು ನೋಡಿ, ಓದಲಾಗದೆ, "ಇದು ಕಬ್ಬಿಣದ ಅಂಗಡಿ ಕಣಮ್ಮ" ಎಂದು ಮುಂದಕ್ಕೆ ಹೊರಟವನು, ಗೇಟಿನ ಬಳಿ ತಗಡನ್ನು ಓದಿ ಗಕ್ಕನೆ ಆಟೋವನ್ನು ಒಳಗೆ ತಿರುಗಿಸಿದ.

"ನಾನು ಮುಂದಿನ ಶತಮಾನದವನು. ಅವನಿಗೆ ಹೇಗೆ ಅರ್ಥವಾದೀತು?" ಎಂದಿತು ಹೊಸ ಬೋರ್ಡು.

"ಇರಬಹುದು ಸ್ವಾಮಿ," ಎಂದಿತು ತಗಡು. "ಆದರೆ ಹೆರಿಗೆ ನೋವು ಅಲ್ಲಿಯವರೆಗೆ ಕಾಯುವುದಿಲ್ಲ."