ಒಂಬತ್ತನೆಯ ಎಲೆ

ಹೊಳೆ ದಂಡೆಯ ಕಲ್ಲಿನ ಮೇಲೆ ಕೂತು ನಿಜಗುಣ ಮೇಷ್ಟ್ರು ಅವಲಕ್ಕಿ ತಿನ್ನುತ್ತಿದ್ದರು. ಶಿಷ್ಯ ಚಂದ್ರಹಾಸ ನೋಟುಬುಕ್ಕು ಎದೆಗವಚಿಕೊಂಡು ಓಡೋಡಿ ಬಂದ.

ಮಾನವಶಾಸ್ತ್ರದ ಎಂ.ಎ. ವಿದ್ಯಾರ್ಥಿ. ಹರಿಗೋಲು ಹೆಣೆಯುವವರ ಕೇರಿಯಲ್ಲಿ ಮೂರು ತಿಂಗಳಿಂದ ಬೀಡುಬಿಟ್ಟಿದ್ದ. ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅನುಮಾನ ಪಿಶಾಚಿ. ಬರುವ ವಾರ ಪ್ರಬಂಧ ಒಪ್ಪಿಸಬೇಕಿತ್ತು. ಮೇಷ್ಟ್ರ ಸಹಿ ಇಲ್ಲದಿದ್ದರೆ ಒಂದು ವರ್ಷ ಹೋದಂತೆಯೇ.

"ಸಾರ್, ಹುಲಿಗೆವ್ವಜ್ಜಿ ಮನೆಯವರು ಏನೋ ಮುಚ್ಚಿಡ್ತಿದ್ದಾರೆ."

"ಏನಪ್ಪ ಅದು?"

"ವಂಶವೃಕ್ಷ ಬರೆದುಕೊಂಡೆ. ಆ ಮನೆಯಲ್ಲಿ ತೀರಿಕೊಂಡವರು ಎಂಟೇ ಜನ. ಮೊನ್ನೆ ಹಿರಿಯರ ಅಮಾವಾಸ್ಯೆಗೆ ಸತ್ತವರ ಹೆಸರಲ್ಲಿ ಅಜ್ಜಿ ಎಡೆ ಇಟ್ಟದ್ದು ಒಂಬತ್ತು ಎಲೆ. ನಾನೇ ಎಣಿಸಿದೆ."

ಅವತ್ತಿನಿಂದ ಅವನಿಗೆ ಅನ್ನ ಸೇರಿರಲಿಲ್ಲ. ಕೇರಿಯವರು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಯಾರ ಸಾವನ್ನು ಮುಚ್ಚಿಟ್ಟಿದ್ದಾರೆ ಇವರು?

"ಅಜ್ಜಿಯನ್ನೇ ಕೇಳಬಹುದಿತ್ತಲ್ಲ?"

"ಸುಳ್ಳು ಹೇಳ್ತಾಳೆ ಸಾರ್, ಅದಕ್ಕೇ ಕೇಳಲಿಲ್ಲ. ಇದೇ ನನ್ನ ಕೊನೇ ಅಧ್ಯಾಯ."

"ನಿನ್ನ ವಿಷಯ ಅವರಿಗೆ ಏನು ಹೇಳಿದ್ದೀಯ?"

ಚಂದ್ರಹಾಸ ಹಲ್ಲುಕಿರಿದ. "ತಾಯಿ ಇಲ್ಲದವನು ಅಂದೆ. ಆಮೇಲೆ ನೋಡಿ, ಅಜ್ಜಿ ಕರೆದು ಕರೆದು ಉಣ್ಣಿಸ್ತಾಳೆ, ಕೇಳಿದ್ದಕ್ಕೆಲ್ಲ ಬಾಯಿ ಬಿಡ್ತಾಳೆ. ಇಷ್ಟು ಉಪಾಯ ಇಲ್ಲದಿದ್ರೆ ಹೇಗೆ?"

"ಊರಲ್ಲಿ ತಾಯಿ ಹೇಗಿದ್ದಾರೆ?"

"ಗುಂಡುಕಲ್ಲಿನ ಹಾಗಿದ್ದಾರೆ ಸಾರ್."

ಮೇಷ್ಟ್ರು ಹೊಳೆಯಲ್ಲಿ ಕೈ ತೊಳೆದು ಎದ್ದರು. "ನಡಿ."

ಹುಲಿಗೆವ್ವ ಅಂಗಳದಲ್ಲಿ ಬಿದಿರು ಸೀಳುತ್ತಿದ್ದಳು. ಮೇಷ್ಟ್ರು ನೇರವಾಗಿ ಕೇಳಿಯೇಬಿಟ್ಟರು. "ಒಂಬತ್ತನೇ ಎಡೆ ಯಾರದವ್ವಾ?"

ಅಜ್ಜಿ ಮಚ್ಚು ಕೆಳಗಿಟ್ಟಳು.

"ಈ ಕೂಸಿನ ಅವ್ವಂದು. ಓದಾಕ ಅಂತ ಊರು ಬಿಟ್ಟು ಬಂದೈತಿ, ಪಾಪ. ಆಕಿಗೆ ಯಾರು ಎಡಿ ಇಡ್ತಾರ? ಹೆಸರು ಕೇಳಿದ್ರ ಅಳ್ತೈತಿ ಅಂತ ಕೇಳಲಿಲ್ರೀ. 'ನಮ್ಮ ಚಂದ್ರನ ಅವ್ವ, ಉಣ್ಣು ಬಾರವ್ವಾ' ಅಂದೆ."

ಅಯ್ಯೋ, ಬದುಕಿರುವ ತಾಯಿಗೆ ಸತ್ತವರ ಅನ್ನ! ನಾಚಿಕೆಯಿಂದ ಚಂದ್ರಹಾಸನಿಗೆ ಅಜ್ಜಿಯ ಮುಖ ನೋಡಲಾಗಲಿಲ್ಲ.

ಮೇಷ್ಟ್ರ ಕಿವಿಯಲ್ಲಿ ಪಿಸುಗುಟ್ಟಿದ. "ಆ ಅಧ್ಯಾಯ ತೆಗೆದುಬಿಡ್ತೀನಿ ಸಾರ್. ಸಹಿ ಹಾಕಿಬಿಡಿ, ಇವತ್ತೇ ಊರಿಗೆ ಹೊರಟುಹೋಗ್ತೀನಿ."

ಮೇಷ್ಟ್ರು ಅವನ ಜೇಬಿನಿಂದ ಫೋನು ತೆಗೆದು ಅವನ ಅಂಗೈಯಲ್ಲೇ ಇಟ್ಟರು.

"ನಿಮ್ಮ ತಾಯಿಗೆ ಹಚ್ಚು. ಅವರು ಎತ್ತಿದ ಮೇಲೆ ಅಜ್ಜಿ ಕೈಗೆ ಕೊಡು."